ಯುದ್ಧ ಕೆಟ್ಟರೂ ಜನರಲ್‌ಗೆ ಬಡ್ತಿ

ಜನರಿಗೆ ಬೇಡವಾದ ಯುದ್ಧ ನಡೆಯುವಾಗ ಬೈಗುಳವೆಲ್ಲ ಅಧ್ಯಕ್ಷರಿಗೆ, ರಕ್ಷಣಾ ಮಂತ್ರಿಗೆ ಬೀಳುತ್ತದೆ. ಬೀಳಲೇಬೇಕು. ಆದರೆ ದಿನಾ ಯುದ್ಧ ನಡೆಸುವ ಜನರಲ್‌ಗಳನ್ನು ಕೇಳೋರು ಯಾರು?

ಅಮೆರಿಕವನ್ನೇ ನೋಡಿ. ವಿಯೆಟ್ನಾಂನಲ್ಲಿ 1964ರಿಂದ ಸೇನೆ ನಡೆಸಿದವರು ಜನರಲ್ ವೆಸ್ಟ್‌ಮೋರ್‌ಲ್ಯಾಂಡ್. 1967ರ ನವೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಬಂದು, ಯುದ್ಧದ ಕೊನೆ ಕಾಣಿಸತೊಡಗಿದೆ ಎಂದರು. ಮೂರು ತಿಂಗಳು ಕಳೆಯುವುದರೊಳಗೆ ಉತ್ತರ ವಿಯೆಟ್ನಾಂ ಮತ್ತು ವಿಯೆಟ್ ಕಾಂಗ್ ಪಡೆಗಳ ದೊಡ್ಡ ದಾಳಿ, ಟೆಟ್ ದಾಳಿ, ನಡೆಯಿತು, ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೇ ಶತ್ರುಗಳು ನುಗ್ಗಿದರು. ಅದೇ 1968ರಲ್ಲಿ ಅವರು ಇಡೀ ಭೂಸೇನೆಯ ಮುಖ್ಯಸ್ಥರಾದರು! ಇರಾಕ್‌ನಲ್ಲೂ ಇದೇ ಕಥೆ. ಜನರಲ್ ಕೇಸಿ ಅಲ್ಲಿ ಎರಡೂವರೆ ವರ್ಷ ಸೇನೆ ನಡೆಸಿದರು, ಬಾಗ್ದಾದ್ ಅಷ್ಟರಲ್ಲಿ ರಕ್ತದ ಮಡುವಾಗಿತ್ತು. 2007ರಲ್ಲಿ ಅಧ್ಯಕ್ಷ ಬುಷ್ ಯುದ್ಧದ ದಾರಿಯನ್ನೇ ಬದಲಿಸಬೇಕಾಯಿತು. ಕೇಸಿ ಅವರಿಗೆ ಸಿಕ್ಕಿದ್ದೂ ಅದೇ ಮುಖ್ಯಸ್ಥರ ಕುರ್ಚಿ, ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ 83 ವೋಟು ಪರ, 14 ವಿರುದ್ಧ.

ಕೆಳಗಿನವರ ಪಾಡು ಬೇರೆ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಅನ್ನದೆ ಕೊಂದರು. ವಿಯೆಟ್ನಾಂನವರ ಲೆಕ್ಕದಲ್ಲಿ ಸತ್ತವರು 504 ಜನ. ಕೋರ್ಟಿನಲ್ಲಿ ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬರಿಗೇ. ಅವರು ಮಾಡಿದ್ದು ಕ್ಷಮಿಸುವಂಥದ್ದಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಅದೇ ಜಾಗದ ಮೇಲೆ ಹೆಲಿಕಾಪ್ಟರ್‌ನಲ್ಲಿ ಹಾರಾಡಿದ್ದ ಡಿವಿಷನ್ ಕಮಾಂಡರ್ ಮೇಜರ್ ಜನರಲ್ ಕೋಸ್ಟರ್? ಮುಚ್ಚಿಹಾಕಿದ ಆರೋಪ ಅವರ ಮೇಲೆ ಬಂತು, ವಿಚಾರಣೆಗೆ ಹೋಗುವ ಮೊದಲೇ ಬಿದ್ದೂ ಹೋಯಿತು. ಒಂದು ಪದಕ ಕಿತ್ತುಕೊಂಡು, ರ‍್ಯಾಂಕ್‌ನಲ್ಲಿ ಒಂದು ಮೆಟ್ಟಿಲು ಇಳಿಸಿದರು. ಅಷ್ಟೇ! ನನಗೆ ಇದನ್ನು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

"ಯುದ್ಧದ ನಡುವೆ ಜನರಲ್‌ಗಳನ್ನು ಪ್ರಶ್ನಿಸಿದರೆ ಸೈನಿಕರ ಧೈರ್ಯ ಕುಗ್ಗುತ್ತೆ" ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಮಾರ್ಷಲ್ ಕೈಲಾಗದ ಸೇನಾಧಿಕಾರಿಗಳನ್ನು ಸುಮ್ನೆ ಬಿಡಲಿಲ್ಲ, ಯುದ್ಧ ನಡೆಯುತ್ತಿರುವಾಗಲೇ ಹಲವರನ್ನು ಕೆಲಸದಿಂದ ಕೆಳಗಿಳಿಸಿದರು. ಸೇನೆ ಅದರಿಂದ ಕುಸಿಯಲಿಲ್ಲ ಅಲ್ವಾ? ತಪ್ಪು ಯೋಜನೆಯಿಂದ ಸಾಯುವುದು ಸೈನಿಕನೇ, ಅವನ ಹೆಸರಿನಲ್ಲೇ ಮೇಲಿನವರಿಗೆ ರಕ್ಷಣೆ ಕೊಡುವುದು ಯಾವ ನ್ಯಾಯ?

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಅಮೆರಿಕದಲ್ಲಿ ಮೂರು ನಕ್ಷತ್ರ, ನಾಲ್ಕು ನಕ್ಷತ್ರದ ಜನರಲ್ ಯಾರೇ ಆಗಲಿ, ಸೆನೆಟ್ ಒಪ್ಪದೆ ಆ ಹುದ್ದೆಗೆ ಹೋಗುವಂತಿಲ್ಲ. ಹಾಗಾಗಿ ಹೆಸರು ಮುಂದೆ ಬಂದಾಗ ಕೇಳಲಿ: ಹೋದ ವರ್ಷ ನಮಗೆ ಏನು ಹೇಳಿದ್ದಿರಿ, ಅಲ್ಲಿ ಆದದ್ದೇನು, ತಪ್ಪಿದೆ ಅಂತ ಗೊತ್ತಾದ ದಿನ ಯಾರಿಗೆ ತಿಳಿಸಿದಿರಿ? ಕೇಸಿ ಅವರನ್ನೂ ಖಾರವಾಗಿಯೇ ಕೇಳಿದ್ದರು. ಆಮೇಲೆ ಜಾಸ್ತಿ ಜನ ಹೂಂ ಅಂದುಬಿಟ್ಟರು. ಉತ್ತರ ಸರಿಯಿಲ್ಲದಿದ್ದರೆ ಬಡ್ತಿ ಬೇಡ ಅನ್ನುವ ಧೈರ್ಯ ಆ ವೋಟಿನಲ್ಲಿ ಕಾಣಬೇಕಿತ್ತು.