ಬಾಯಿ ಮುಚ್ಚಿ ನಕ್ಕ ಫೋಟೋ

ಸಂಚಿಕೆಗೆ ಹಳೆಯ ಫೋಟೋ ಏನಾದರೂ ಇದ್ದರೆ ಕಳಿಸಿ ಅಂತ ನಾನು ಬಿ.ಎಡ್. ಓದಿದ ಕಾಲೇಜಿನಿಂದ ಮೆಸೇಜ್ ಬಂದಿತ್ತು. ಹುಡುಕಿದೆ. ಸಿಕ್ಕಿದ್ದು ಒಂದೇ. 2017ರ ಅಕ್ಟೋಬರ್, ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ನನ್ನ ಇಂಟರ್ನ್‌ಶಿಪ್‌ನ ಕೊನೇ ದಿನ. ಹತ್ತನೇ ಕ್ಲಾಸಿನ 39 ಮಕ್ಕಳು ಮೂರು ಸಾಲಿನಲ್ಲಿದ್ದಾರೆ. ಫೋಟೋದವನು "ಎಲ್ಲಾರೂ ನಗ್ರಪ್ಪಾ" ಅಂದಿದ್ದ. ಎಲ್ಲರೂ ನಕ್ಕಿದ್ದಾರೆ, ತುಟಿ ಬಿಗಿಯಾಗಿ ಮುಚ್ಚಿಕೊಂಡು. ನಡುವೆ ನಾನೊಬ್ಬ ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಕೂತಿದ್ದೇನೆ.

ಆ ಮಕ್ಕಳನ್ನು ಕೇಳದೆ ಫೋಟೋ ಅಚ್ಚು ಹಾಕಿಸುವುದು ಬೇಡ ಅನ್ನಿಸಿತು. ಅದಕ್ಕೇ ಈ ಬರಹ.

ನಮ್ಮದು 2016-18ರ ಬ್ಯಾಚು. ಎರಡು ವರ್ಷದ ಬಿ.ಎಡ್. ಆಗ ಇನ್ನೂ ಹೊಸದು. ತುಮಕೂರಿನಲ್ಲಿ ಕೂತು ಮೈಕ್ರೋ ಟೀಚಿಂಗ್ ಮಾಡಿ, ಥರ್ಮೋಕೋಲ್ ಕತ್ತರಿಸಿ, ಬೆಳಗಿನ ಪ್ರಾರ್ಥನೆಗೆ ಸುಭಾಷಿತ ಹುಡುಕುತ್ತಿದ್ದ ನಮ್ಮನ್ನು ಎರಡನೇ ವರ್ಷ ಊರೂರಿಗೆ ಹಂಚಿದರು. ಪಾವಗಡ ಅಂದಾಗ ಗೆಳೆಯರು "ಶನಿಮಹಾತ್ಮನ ಪ್ರಸಾದ ತಗೊಂಡು ಬಾ" ಅಂತ ಕಿಚಾಯಿಸಿದರು. ನಕ್ಷೆ ನೋಡಿದರೆ ಆ ತಾಲ್ಲೂಕು ಆಂಧ್ರದೊಳಗೆ ಕೈ ಚಾಚಿ ಮಲಗಿದ ಹಾಗಿದೆ. ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳ ಬಂದರೆ ಎರಡೂ. ಶಾಲೆಯಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಹಾಗಾಗಿ ಹೋದ ದಿನವೇ ಹತ್ತನೇ ಕ್ಲಾಸು ನನ್ನ ಕೈಗೆ ಬಂತು.

ಎರಡನೇ ವಾರ ಆರೋಗ್ಯದ ಬಗ್ಗೆ ಮಾತಾಡಿ ಅಂದರು ಮುಖ್ಯ ಶಿಕ್ಷಕರು. ಚಾರ್ಟ್ ಹಿಡಿದು ಹೋದೆ. ಕೈ ತೊಳೆಯುವುದು, ಉಗುರು ಕತ್ತರಿಸುವುದು, ಹಲ್ಲು. ಮುಂದಿನ ಬೆಂಚಿನ ಹುಡುಗನ ಹಲ್ಲು ಕಂದುಗಟ್ಟಿತ್ತು. ಅಡ್ಡಡ್ಡ ಗೆರೆ, ಅಲ್ಲಲ್ಲಿ ತೂತು ಬಿದ್ದ ಹಾಗೆ. "ದಿನಾ ಹಲ್ಲುಜ್ಜಲ್ವೇನೋ?" ಅಂದೆ. ಜೋರಾಗಿಯೇ ಅಂದೆ, ತಮಾಷೆಯ ಧಾಟಿಯಲ್ಲಿ. ಕ್ಲಾಸು ನಗಲಿಲ್ಲ. ಅವನು ಎದ್ದು ನಿಂತು, ಅಂಗೈ ಬಾಯಿಗೆ ಅಡ್ಡ ಇಟ್ಟುಕೊಂಡು ಹೇಳಿದ: "ಉಜ್ತೀನಿ ಸಾರ್. ಇಟ್ಟಿಗೆ ಪುಡೀಲೂ ಉಜ್ಜಿದೀನಿ. ಹೋಗಲ್ಲ."

ಆಮೇಲೆ ಕ್ಲಾಸು ಪೂರಾ ನೋಡಿದೆ. ಒಬ್ಬರಲ್ಲ ಇಬ್ಬರಲ್ಲ.

ಮಧ್ಯಾಹ್ನ ಅಡುಗೆಮನೆಯ ಹತ್ತಿರ ಹೋದೆ. ಅಡುಗೆ ಮಾಡುವ ಅಮ್ಮ ಸಾಂಬಾರು ತಿರುವುತ್ತಿದ್ದರು. ಕತ್ತು ತಿರುಗಿಸಲು ಆಗದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು. ಸಂಧಿವಾತ ಇರಬೇಕು ಅಂದುಕೊಂಡೆ. ಮಕ್ಕಳ ಹಲ್ಲಿನ ವಿಷಯ ತೆಗೆದೆ. "ನೀಳ್ಳಲೋನೇ ಉಂದಿ ಸಾರ್" ಅಂದರು. ನೀರಲ್ಲೇ ಇದೆ. ಇಡೀ ಊರಿಗೆ ಗೊತ್ತಿದ್ದದ್ದು ಚಾರ್ಟ್ ಹಿಡಿದು ಬಂದ ನನಗೊಬ್ಬನಿಗೆ ಗೊತ್ತಿರಲಿಲ್ಲ.

ನೀರಲ್ಲಿದ್ದದ್ದು ಫ್ಲೋರೈಡ್. ಆ ಪದ ಪುಸ್ತಕದಲ್ಲಿ ಓದಿದ್ದೆ. ನಾನು ಓದಿದ್ದು ಟೂತ್‌ಪೇಸ್ಟಿನ ಒಳ್ಳೆಯ ಫ್ಲೋರೈಡ್. ಇಲ್ಲಿನದು ಬಂಡೆಯಿಂದ ನೀರಿಗೆ ಇಳಿಯುವುದು. ತೆರೆದ ಬಾವಿಗಳು ಬತ್ತಿದವು, ಬೋರ್‌ವೆಲ್ ಆಳಕ್ಕೆ ಹೋಯಿತು. ಅಷ್ಟು ಆಳದಲ್ಲಿ ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ಕೂತ ನೀರು ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ, ಅದು ನಮ್ಮ ದೇಶದ ಲೆಕ್ಕ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮೊದಲೇ, ಒಸಡಿನೊಳಗೆ ಹಲ್ಲು ಕಟ್ಟಿಕೊಳ್ಳುವಾಗಲೇ ಕಲೆ ಕೂತುಬಿಡುತ್ತದೆ. ಮೊದಲ ಏಳೆಂಟು ವರ್ಷದಲ್ಲಿ ಆಗುವ ಕೆಲಸ ಅದು. ಆಮೇಲೆ ನೀರು ಬದಲಾಯಿಸಿದರೂ ಆ ಹಲ್ಲು ಬದಲಾಗುವುದಿಲ್ಲ. ಇಟ್ಟಿಗೆ ಪುಡಿಗಂತೂ ಜಗ್ಗುವುದಿಲ್ಲ. ಅಂಥ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಮೂಳೆಗೆ ಇಳಿಯುತ್ತದೆ. ಬೆನ್ನು, ಕತ್ತು, ಮಂಡಿ ಸೆಟೆದುಕೊಳ್ಳುತ್ತವೆ. ಅಡುಗೆ ಅಮ್ಮನ ಕತ್ತು ಆಗ ಅರ್ಥವಾಯಿತು.

ಊರಲ್ಲಿ ಶುದ್ಧ ನೀರಿನ ಘಟಕ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಘಟಕ ಇದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರ. ಕಾಲೊನಿ ಅಲ್ಲಿಂದ ಒಂದೂವರೆ ಕಿಲೋಮೀಟರ್. ಟಿವಿಎಸ್ ಇದ್ದವರು ಮುಂದೆ ಒಂದು, ಹಿಂದೆ ಒಂದು ಕ್ಯಾನ್ ಇಟ್ಟುಕೊಂಡು ಹೋಗುತ್ತಿದ್ದರು. ಇಲ್ಲದವರು? 20 ಲೀಟರ್ ಅಂದರೆ 20 ಕೆ.ಜಿ. ಕೂಲಿಗೆ ಹೋಗಿ ಬಂದ ಹೆಂಗಸು ಸಂಜೆ ಅದನ್ನು ಸೊಂಟದ ಮೇಲೆ ಹೊತ್ತು ನಡೆಯಬೇಕು. ಮನೆ ಮುಂದಿನ ಮಿನಿ ಟ್ಯಾಂಕಿನ ನಲ್ಲಿ ತಿರುಗಿಸಿದರೆ ನೀರು ಸುಮ್ನೆ ಬರುತ್ತದೆ. ನಾನಾದರೂ ಅದನ್ನೇ ಕುಡಿಯುತ್ತಿದ್ದೆ. ಅದೇ ಹೊತ್ತಿಗೆ ಆ ತಾಲ್ಲೂಕಿನಲ್ಲಿ 13,000 ಎಕರೆಯ ಸೋಲಾರ್ ಪಾರ್ಕ್ ಏಳುತ್ತಿತ್ತು. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ. ಜಮೀನು ಇಲ್ಲದವರಿಗೆ ಗುತ್ತಿಗೆಯೂ ಇಲ್ಲ, ಆ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೂಲಿಯೂ ಹೋಯಿತು.

ಇನ್ನು ಆ ಹುಡುಗಿಯ ವಿಷಯ. ಹೆಸರು ಬರೆಯುವುದಿಲ್ಲ. ಹತ್ತನೇ ಕ್ಲಾಸು, ಗಣಿತದಲ್ಲಿ ಚುರುಕು. ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ಒಂದು ಕೈ ತೊಡೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ಕೈಲಿ ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ಆಸ್ಪತ್ರೆಯ ಶಿಬಿರದಲ್ಲಿ ಅವಳಿಗೆ ಅಂಗವೈಕಲ್ಯ ಶೇ. 35 ಅಂತ ಬರೆದುಕೊಟ್ಟಿದ್ದರು. ಸೌಲಭ್ಯಗಳಿಗೆ ಶೇ. 40 ಬೇಕು. "ಐದು ಮಾರ್ಕಲ್ಲಿ ಫೇಲು ಸಾರ್" ಅಂತ ನಗುತ್ತಿದ್ದಳು, ಕೈ ಅಡ್ಡ ಇಟ್ಟುಕೊಂಡು.

ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕಲಿಯಬೇಕು ಅನ್ನುವ ನಮ್ಮ ಸಮನ್ವಯ ಶಿಕ್ಷಣದ ಪೇಪರಿಗೆ ಆಗ ಹೊಸ ಸರಕು ಸಿಕ್ಕಿತ್ತು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಆ ಏಪ್ರಿಲ್‌ನಲ್ಲಷ್ಟೇ ಜಾರಿಗೆ ಬಂದಿತ್ತು. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದದ್ದು ಇಪ್ಪತ್ತೊಂದಾಗಿತ್ತು. ಇಪ್ಪತ್ತೊಂದನ್ನೂ ಬಾಯಿಪಾಠ ಮಾಡಿದ್ದೆ. ಬಾಯಿ ಮುಚ್ಚಿ ನಗುವ ಮಕ್ಕಳು ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಮಂಡಿ ಬಾಗಿದ ಇವಳೊಬ್ಬಳು ಪಟ್ಟಿಯ ಬಾಗಿಲಿನವರೆಗೆ ಹೋಗಿ ವಾಪಸ್ ಬಂದಿದ್ದಳು.

ನನ್ನ ಪಾಠ ನೋಡಲು ಕಾಲೇಜಿನಿಂದ ಮೇಡಂ ಬಂದರು. ಹಳೆಯ ವಿದ್ಯಾರ್ಥಿಗಳಿಗೆ ಯಾರು ಅಂತ ಹೇಳಬೇಕಾಗಿಲ್ಲ, ಕೆಂಪು ಇಂಕಿನ ಮೇಡಂ. ಮೂರು ತಾಸಿನ ಬಸ್ಸಿನ ಧೂಳು ಸೀರೆ ಮೇಲೆ ಹಾಗೇ ಇತ್ತು. ಕೊನೇ ಬೆಂಚಿನಲ್ಲಿ ಕೂತರು. ಅವತ್ತು ಸಮರೂಪ ತ್ರಿಭುಜ. ಪೀಠಿಕೆ, ಪ್ರಶ್ನೆ, ಪುನರ್ಬಲನ ಎಲ್ಲಾ ಅಚ್ಚುಕಟ್ಟು. ಹೊಗಳಿಕೆಗೆ ಕಾದೆ. ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಇತ್ತು. "ಪಾಠ ಚೆನ್ನಾಗಿದೆ. ಆ ಹುಡುಗಿ ನೀರು ಯಾವಾಗ ಕುಡಿಯುತ್ತಾಳೆ?"

ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಒಂದು ಗುಟುಕೂ ಇಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಅಲ್ಲಿದ್ದದ್ದು ಕುಕ್ಕರುಗಾಲಲ್ಲಿ ಕೂರುವಂಥದ್ದು. ಆ ಮಂಡಿಗಳು ಮಡಚುತ್ತಿರಲಿಲ್ಲ. ಆರು ವಾರ ದಿನಾ ಅವಳ ನೋಟ್ಸ್ ತಿದ್ದಿದ್ದೆ, ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ. ಹೆಣ್ಣುಮಗಳನ್ನು ನಾನು ಕೇಳುವುದು ಹೇಗೆ ಅಂತ ಒಂದು ನೆಪ ಇತ್ತು. ಮೇಡಂ ನನ್ನನ್ನು ಬೈಯಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಕೂತು ಮಾತಾಡಿದರು, ಅಷ್ಟೇ.

ಮರುದಿನ ಅಡುಗೆ ಅಮ್ಮ ಸೀಟಿನ ನಡುವೆ ತೂತು ಮಾಡಿದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದರು. ಗರಗಸದ ಬ್ಲೇಡ್ ಕಾಯಿಸಿ ಕೊಯ್ದು, ಅಂಚು ಚುಚ್ಚದ ಹಾಗೆ ಸೈಕಲ್ ಟ್ಯೂಬ್ ಸುತ್ತಿ, ದಾರದಲ್ಲಿ ಹೊಲಿದಿದ್ದರು. "ನಮ್ಮತ್ತೆಗೂ ಹಿಂಗೇ ಮಾಡ್ಕೊಟ್ಟಿದ್ದೆ ಸಾರ್. ನಾಳೆ ನಂಗೂ ಬೇಕಾಗ್ತದೆ" ಅಂದರು. ಕುರ್ಚಿಯನ್ನು ಶೌಚಾಲಯದ ಗುಂಡಿಯ ಮೇಲೆ ಇಟ್ಟರೆ ಮುಗಿಯಿತು. ನನ್ನ ಇಡೀ ಬಿ.ಎಡ್.ನಲ್ಲಿ ನೋಡಿದ ಅತ್ಯುತ್ತಮ ಕಲಿಕೋಪಕರಣ ಅದು. ತೀರ್ಪುಗಾರರು ಸಿಕ್ಕಿದ್ದರೆ ವಸ್ತುಪ್ರದರ್ಶನಕ್ಕೇ ಒಯ್ಯುತ್ತಿದ್ದೆ.

ನನಗೂ ಏನಾದರೂ ಮಾಡಬೇಕು ಅನ್ನಿಸಿ ರ‍್ಯಾಂಪಿನ ಹಿಂದೆ ಬಿದ್ದೆ. ಶಾಲೆಗೆ ರ‍್ಯಾಂಪ್ ಇತ್ತು, ಸ್ಟೀಲಿನ ಕಂಬಿಯ ಸಮೇತ. ಚಿಕ್ಕ ಮಕ್ಕಳು ಅದನ್ನು ಜಾರುಬಂಡೆ ಮಾಡಿಕೊಂಡಿದ್ದರು. ಒಂದು ದಿನ ಟೇಪ್ ಕೊಟ್ಟು ಹತ್ತನೇ ಕ್ಲಾಸಿಗೆ ಅಳೆಯಿರಿ ಅಂದೆ. ಜಗಲಿಯ ಎತ್ತರ 45 ಸೆಂಟಿಮೀಟರ್. ರ‍್ಯಾಂಪಿನ ಉದ್ದ 160. ನಿಯಮದ ಪ್ರಕಾರ ಒಂದಕ್ಕೆ ಹನ್ನೆರಡು ಇರಬೇಕು, ಅಂದರೆ 540. ಬೋರ್ಡಿನಲ್ಲಿ ಲೆಕ್ಕ ಮಾಡಿದ್ದು ಅವಳೇ. "ಸಾರ್, ಇದು ರ‍್ಯಾಂಪಲ್ಲ, ಗೋಡೆ ಮಲಗಿದೆ" ಅಂದಳು. ಅದನ್ನು ಹತ್ತಿದರೂ ಪ್ರಯೋಜನ ಇರಲಿಲ್ಲ ಬಿಡಿ. ಹತ್ತನೇ ಕ್ಲಾಸು ಇದ್ದದ್ದು ಮೇಲಿನ ಮಹಡಿಯಲ್ಲಿ.

ಮುಖ್ಯ ಶಿಕ್ಷಕರು ಲೆಕ್ಕ ನೋಡಿದರು. ಅನುದಾನ ಇಲ್ಲ, ಬರೆದು ಕಳಿಸೋಣ ಅಂದರು. ನಿಜಕ್ಕೂ ಬರೆದರು. ಒಂದು ವಾರ ಬಿಟ್ಟು ಅವರಿಗೇ ಹೊಳೆಯಿತು. ಹೆಂಚಿನ ಹಳೇ ಕಟ್ಟಡದಲ್ಲಿ ಸ್ಟಾಫ್ ರೂಮ್ ಇತ್ತು. ಅದಕ್ಕೆ ಹೊಸ್ತಿಲಿನ ಎತ್ತರ ಹತ್ತೇ ಸೆಂಟಿಮೀಟರ್. ನಾವು ಮೇಲೆ ಹೋಗೋಣ, ಹತ್ತನೇ ಕ್ಲಾಸು ಕೆಳಗೆ ಬರಲಿ ಅಂದರು. ಇಬ್ಬರು ಶಿಕ್ಷಕರು ಗೊಣಗಿದರು, ಮೆಟ್ಟಿಲು ಹತ್ತಿದರೆ ಮಂಡಿ ನೋವು ಅಂತ. ಅವರ ಮಂಡಿ ನೋವೂ ಸುಳ್ಳಲ್ಲ, ಆ ನೀರನ್ನೇ ಅಲ್ವಾ ಅವರೂ ಕುಡಿಯುತ್ತಿದ್ದದ್ದು. ದೈಹಿಕ ಶಿಕ್ಷಣದ ಮೇಷ್ಟ್ರು ಎಲ್ಲೋ ಮನೆ ಕಟ್ಟುವವರ ಹತ್ತಿರ ಉಳಿದ ಸಿಮೆಂಟ್ ಕೇಳಿ ತಂದರು. ಹತ್ತಕ್ಕೆ ನೂರಿಪ್ಪತ್ತು. ಮಕ್ಕಳು ಹಗ್ಗ ಕಟ್ಟಿ ಗುರುತು ಹಾಕಿದರು, ನಾವು ಕಲಸಿದೆವು. ಒದ್ದೆ ಸಿಮೆಂಟಿನ ಮೇಲೆ ನಾಯಿ ಓಡಾಡಿದ ಗುರುತು ಹಾಗೇ ಉಳಿಯಿತು.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ವಿಜ್ಞಾನದ ಮೇಷ್ಟ್ರು ಪಂಚಾಯಿತಿಯಿಂದ ನೀರು ಪರೀಕ್ಷೆಯ ಕಿಟ್ ತಂದಿದ್ದರು. ಎರಡು ಗಾಜಿನ ನಳಿಗೆ, ಎರಡಕ್ಕೂ ಅದೇ ದ್ರವ. ಘಟಕದ ನೀರು ಗುಲಾಬಿ ಬಣ್ಣದಲ್ಲೇ ನಿಂತಿತು. ಶಾಲೆಯ ಬೋರ್‌ವೆಲ್ ನೀರು ನೋಡನೋಡುತ್ತಲೇ ಹಳದಿಗೆ ತಿರುಗಿ, ಚಾರ್ಟಿನ 1.5 ದಾಟಿತು. ಇಟ್ಟಿಗೆ ಪುಡಿಯ ಹುಡುಗ ಕೇಳಿದ: "ಕಾಸಿದ್ರೆ ಹೋಗುತ್ತಾ ಸಾರ್?" ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ. ಆಗ ಅಡುಗೆ ಅಮ್ಮನಿಗೆ ಕ್ಷೀರಭಾಗ್ಯದ ಹಾಲು ನೆನಪಾಯಿತು. ಮೂಳೆ ಗಟ್ಟಿಯಾಗಲಿ ಅಂತ ಕೊಡುವ ಹಾಲು. ಕ್ಯಾಲ್ಸಿಯಂ ಕಮ್ಮಿ ಇರುವ ಮೈಗೆ ಫ್ಲೋರೈಡಿನ ಏಟು ಜಾಸ್ತಿ, ಹಾಗಾಗಿ ಆ ಊರಿಗೆ ಅದು ನಿಜಕ್ಕೂ ಬೇಕಾದದ್ದು. ಒಬ್ಬರಿಗೆ 18 ಗ್ರಾಂ ಪುಡಿಯ ಲೆಕ್ಕದಲ್ಲಿ 150 ಮಿಲಿ ಹಾಲು. ಪುಡಿ ಕಲಸುತ್ತಿದ್ದದ್ದು ಆ ಹಳದಿ ನೀರಿನಲ್ಲಿ.

140 ಮಕ್ಕಳು, 21 ಲೀಟರ್. ಒಂದು ಕ್ಯಾನ್, ಮೇಲೆ ಒಂದು ಚೊಂಬು. ಇಡೀ ಶಾಲೆಯ ಹಾಲಿಗೆ ಐದು ರೂಪಾಯಿಯ ನಾಣ್ಯ ಸಾಕಿತ್ತು. ಲೆಕ್ಕ ಬೋರ್ಡಿನ ಮೇಲೆ ಬಂದಾಗ ಯಾರೂ ಮಾತಾಡಲಿಲ್ಲ. ಮರುದಿನದಿಂದ ಹಾಲಿಗೆ ಘಟಕದ ನೀರು ಬಂತು. ಅನ್ನ ಸಾಂಬಾರಿಗೆ ಬೋರ್‌ವೆಲ್ ನೀರೇ ಉಳಿಯಿತು. ಅದಕ್ಕೆ ಎಷ್ಟು ಕ್ಯಾನ್ ಬೇಕು, ಯಾರು ಹೊರಬೇಕು, ಆ ಲೆಕ್ಕ ಕೂಡಿಬರಲಿಲ್ಲ. ತುಂಗಭದ್ರಾ ಹಿನ್ನೀರು ತರುತ್ತಾರಂತೆ ಅಂತ ಸ್ಟಾಫ್ ರೂಮಿನಲ್ಲಿ ದಿನಾ ಮಾತು ನಡೆಯುತ್ತಿತ್ತು.

ಕೊನೇ ದಿನ ಆ ಫೋಟೋ ತೆಗೆಸಿದೆವು. ಹುಡುಗಿಗೆ ಕುರ್ಚಿ ಹಾಕಿದರೆ ಬೇಡ ಅಂದಳು. ಹಿಂದಿನ ಸಾಲಿನಲ್ಲಿ, ಇಬ್ಬರ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾಳೆ. ಎಸ್ಸೆಸ್ಸೆಲ್ಸಿ ಪಾಸಾಯಿತು ಅಂತ ಮುಂದಿನ ಮೇ ತಿಂಗಳಲ್ಲಿ ಫೋನ್ ಮಾಡಿದ್ದಳು. ಗಣಿತದಲ್ಲಿ ಎಷ್ಟು ಅಂತ ಕೇಳಿದೆ. "ಐದು ಮಾರ್ಕ್ ಹೋಯ್ತು ಸಾರ್" ಅಂದಳು. ಮತ್ತೆ ಅದೇ ಐದು. ಇಬ್ಬರೂ ಜೋರಾಗಿ ನಕ್ಕೆವು. ಫೋನಿನಲ್ಲಿ ಕೈ ಅಡ್ಡ ಇಟ್ಟುಕೊಂಡಳೋ ಇಲ್ಲವೋ ಕಾಣುವುದಿಲ್ಲ.

2023ರಲ್ಲಿ ಮನೆಯವರನ್ನು ಶನಿಮಹಾತ್ಮನ ದೇವಸ್ಥಾನಕ್ಕೆ ಕರೆದುಕೊಂಡು ಹೋದವನು ಶಾಲೆಯ ಕಡೆಗೂ ಹೋಗಿಬಂದೆ. ಅಡುಗೆ ಅಮ್ಮ ಕೆಲಸ ಬಿಟ್ಟಿದ್ದರು. ಮುಖ್ಯ ಶಿಕ್ಷಕರು ಬೇರೆಯವರು. ಗಣಿತಕ್ಕೆ ಹೊಸ ಮೇಷ್ಟ್ರು ಬಂದಿದ್ದರು, ಚಿಕ್ಕ ವಯಸ್ಸು. ರ‍್ಯಾಂಪಿನ ಮೇಲೆ ಎರಡು ಮಕ್ಕಳು ಜಾರುತ್ತಿದ್ದವು. ಸ್ಟಾಫ್ ರೂಮ್ ಎಲ್ಲಿ ಅಂತ ಕೇಳಿದರೆ ಮೇಲಿನ ಮಹಡಿ ತೋರಿಸಿದರು. ಹತ್ತನೇ ಕ್ಲಾಸು ಹೆಂಚಿನ ಕಟ್ಟಡದಲ್ಲೇ ಇತ್ತು. ಆ ವರ್ಷ ನಡೆಯಲು ಕಷ್ಟ ಇರುವ ಮಕ್ಕಳು ಯಾರೂ ಇರಲಿಲ್ಲ. ಸೋರುವ ಹಳೇ ಕಟ್ಟಡದಲ್ಲಿ ಹತ್ತನೇ ಕ್ಲಾಸು ಯಾಕೆ ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಗೊತ್ತಿಲ್ಲ ಸಾರ್. ಮೊದಲಿಂದಲೂ ಹಾಗೇ" ಅಂದರು. ಹೊಸ್ತಿಲ ಹತ್ತಿರ ನಾಯಿಯ ಹೆಜ್ಜೆ ಇನ್ನೂ ಇತ್ತು.