ರಸ್ತೆಯ ಆಚೆ ಮಣ್ಣೆತ್ತು

ಜೂನ್ 21, 2020, ಭಾನುವಾರ
ಹುಬ್ಬಳ್ಳಿ

ಇವತ್ತು ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ಮದುವೆಯಾಗಿ ಬಂದ ಮೇಲೆ ಈ ಹಬ್ಬಕ್ಕೆ ನಾನು ಮನೆಯಲ್ಲಿ ಇಲ್ಲದೇ ಇರುವುದು ಇದೇ ಮೊದಲು. ಹಾಗಂತ ದೂರವೇನೂ ಇಲ್ಲ. ಕೊರೊನಾ ಕ್ವಾರಂಟೈನಿಗೆ ಅಂತ ನನ್ನನ್ನು ಇಟ್ಟಿರುವ ಹೋಟೆಲು ಗೋಕುಲ ರಸ್ತೆಯಲ್ಲಿದೆ, ನಮ್ಮ ಮನೆ ವಿದ್ಯಾನಗರದಲ್ಲಿ. ಆಟೋ ಹತ್ತಿದರೆ ಹತ್ತು ನಿಮಿಷ. ದುಬೈಯಲ್ಲಿ ಸಿಕ್ಕಿಕೊಂಡಿದ್ದ ಮೂರು ತಿಂಗಳೂ ಮನೆ ಇಷ್ಟು ಕಾಡಿರಲಿಲ್ಲ. ದೂರ ಇದ್ದಾಗ ಮನಸ್ಸು ಹೇಗೋ ಒಪ್ಪಿಕೊಂಡುಬಿಡುತ್ತದೆ. ಊರಿಗೆ ಬಂದೂ ಹೊಸ್ತಿಲು ದಾಟಲು ಆಗುವುದಿಲ್ಲ ಅಂದರೆ ತಡೆದುಕೊಳ್ಳುವುದು ಕಷ್ಟ.

ಮಗಳ ಬಾಣಂತನಕ್ಕೆ ಅಂತ ಜನವರಿಯಲ್ಲಿ ಹೋದವಳು ನಾನು. ಮಾರ್ಚ್ 28ಕ್ಕೆ ವಾಪಸ್ ಟಿಕೆಟ್ ಇತ್ತು. ಮಾರ್ಚ್ 22ರಿಂದಲೇ ನಮ್ಮ ದೇಶಕ್ಕೆ ಬರುವ ವಿಮಾನಗಳು ನಿಂತವು. ಏಪ್ರಿಲ್‌ನಲ್ಲಿ ದುಬೈ ಪೂರ್ತಿ ಬಂದ್ ಆಯಿತು. ಕಿರಾಣಿ ತರಲು ಹೋಗುವುದಕ್ಕೂ ಅಳಿಯ ಪರವಾನಗಿ ತೆಗೆದುಕೊಳ್ಳಬೇಕಿತ್ತು. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ರಿಂದ ಶುರುವಾದವು, ಮಗಳು ನನ್ನ ಹೆಸರು ಬರೆಸಿದಳು. ಗರ್ಭಿಣಿಯರು, ಕಾಯಿಲೆಯವರು, ಕೆಲಸ ಕಳೆದುಕೊಂಡವರು ಮೊದಲು ಹೋಗಲಿ ಅಂತ ನಾನೂ ಅವಸರ ಮಾಡಲಿಲ್ಲ. ನನ್ನ ಪಾಳಿ ಬಂದಿದ್ದು ಈ ತಿಂಗಳು.

ಬುಧವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿದೆವು. ಅಲ್ಲಿಂದ ನಮ್ಮ ಕಡೆಯವರನ್ನೆಲ್ಲ ಒಂದು ಬಸ್ಸಿನಲ್ಲಿ ಕೂರಿಸಿ ಕಳಿಸಿದರು. ಒಂದು ಸೀಟಿಗೆ ಒಬ್ಬರೇ. ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ. ದಾವಣಗೆರೆ ದಾಟಿ ಹಾವೇರಿ ಬರುವ ಹೊತ್ತಿಗೆ ಮಳೆ ಶುರುವಾಯಿತು. ಹೊಲಗಳಲ್ಲಿ ಬಿತ್ತನೆ ನಡೆದಿತ್ತು. ಹಸಿ ಮಣ್ಣಿನ ವಾಸನೆ ಮಾಸ್ಕಿನೊಳಗೂ ಬಂತು. ಪಕ್ಕದ ಸಾಲಿನಲ್ಲಿ ಗದಗ ಕಡೆಯ ಹುಡುಗನೊಬ್ಬ ಕೂತಿದ್ದ, ದುಬೈಯಲ್ಲಿ ಬಡಿಗತನ ಮಾಡುತ್ತಿದ್ದನಂತೆ. ಕೆಲಸ ಹೋಗಿತ್ತು. ಕಿಟಕಿ ಕಡೆ ಮುಖ ಮಾಡಿಕೊಂಡು ಅವನು ಅಳುತ್ತಿದ್ದ. ಬೆನ್ನ ಮೇಲೆ ಕೈ ಇಟ್ಟು ಸಮಾಧಾನ ಮಾಡಬೇಕು ಅನ್ನಿಸಿತು. ಆದರೆ ಮುಟ್ಟುವಂತಿರಲಿಲ್ಲ. ಈ ರೋಗ ನಮ್ಮಿಂದ ಕಿತ್ತುಕೊಂಡಿದ್ದರಲ್ಲಿ ಇದೂ ಒಂದು.

ಮೊದಲು 14 ದಿನ ಹೊರಗೇ ಇರಬೇಕಿತ್ತು. ಮೇ ಕೊನೆಯಲ್ಲಿ ನಿಯಮ ಬದಲಾಗಿ, ಏಳು ದಿನ ಹೋಟೆಲು, ಆಮೇಲೆ ಏಳು ದಿನ ಮನೆ ಎಂದಾಯಿತು. ಹೋಟೆಲಿನ ಖರ್ಚು ನಮ್ಮದೇ. ಎಡಗೈ ಮೇಲೆ ಮತದಾನದ ಶಾಯಿಯಲ್ಲಿ ಮುದ್ರೆ ಒತ್ತಿದ್ದಾರೆ. ಎಷ್ಟು ಸೋಪು ಹಚ್ಚಿದರೂ ಹೋಗುವುದಿಲ್ಲ.

ರೂಮು ಚೆನ್ನಾಗಿದೆ, ಅದರ ಬಗ್ಗೆ ಹೇಳುವುದೇನಿಲ್ಲ. ಕಿಟಕಿ ಮಾತ್ರ ತೆಗೆಯಲು ಬರುವುದಿಲ್ಲ, ದೊಡ್ಡ ಗಾಜು. ಊಟ ತರುವ ಹುಡುಗ ಬಾಗಿಲ ಹೊರಗೆ ಸ್ಟೂಲ್ ಮೇಲೆ ಪೊಟ್ಟಣ ಇಟ್ಟು, ಬೆಲ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಾನೆ. "ಅಮ್ಮಾರ, ಊಟ ಇಟ್ಟೀನ್ರಿ" ಅನ್ನುತ್ತಾನೆ. ಮೈತುಂಬ ಆ ಬಿಳಿ ಪ್ಲಾಸ್ಟಿಕ್ ಅಂಗಿ. ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ, ಕಣ್ಣು ಮಾತ್ರ ನೋಡಿದ್ದೇನೆ. ನಿನ್ನೆ ಕೇಳಿದೆ, ಊರು ಯಾವುದಪ್ಪಾ ಅಂತ. ನವಲಗುಂದದ ಹತ್ತಿರದ ಹಳ್ಳಿ ಅಂದ. ಇಲ್ಲಿ ಡ್ಯೂಟಿ ಹಾಕಿದಾಗಿನಿಂದ ಊರಿಗೆ ಹೋಗಿಲ್ಲವಂತೆ. "ಮನ್ಯಾಗ ಸಣ್ಣ ಕೂಸು ಐತ್ರಿ, ಅದಕ್ಕ" ಅಂದ. ನನ್ನದು ಏಳು ದಿನ. ಅವನಿಗೆ ಲೆಕ್ಕವೇ ಇಲ್ಲ. ಆಗಿನಿಂದ ಊಟ ಸೇರಲಿಲ್ಲ ಅಂತ ಒಂದು ತುತ್ತನ್ನೂ ಬಿಟ್ಟಿಲ್ಲ.

ಬೆಳಿಗ್ಗೆ ಗಂಟಲು, ಮೂಗಿನ ಸ್ವಾಬ್ ತೆಗೆದುಕೊಂಡು ಹೋದರು. ಬಂದ ದಿನವೇ ಯಾಕೆ ತೆಗೆಯಲಿಲ್ಲ ಅಂತ ಕೇಳಿದ್ದಕ್ಕೆ ಆ ಹುಡುಗಿ ನಿಂತು ತಿಳಿಸಿ ಹೇಳಿದಳು. ವೈರಸ್ ಒಳಗೆ ಹೊಕ್ಕ ಕೂಡಲೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಸಾಮಾನ್ಯವಾಗಿ ಐದಾರು ದಿನಕ್ಕೆ ಲಕ್ಷಣ ಬರುತ್ತವೆ, ಕೆಲವರಿಗೆ 14 ದಿನದ ತನಕವೂ ಆಗಬಹುದು. ವಿಮಾನದಲ್ಲೇ ಅಂಟಿದ್ದರೆ ಮೊದಲ ದಿನ ನೆಗೆಟಿವ್ ಬಂದು, ಸಮಾಧಾನದಿಂದ ಮನೆಗೆ ಹೋಗಿ, ಮನೆಮಂದಿಗೆಲ್ಲ ಹಂಚುತ್ತೀರಿ ಅಂದಳು. ನಮ್ಮ ಮನೆಯಲ್ಲಿ ಅತ್ತೆಗೆ 84 ವರ್ಷ. ಮೈದುನನ ಮಗಳಿಗೆ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಮಾರ್ಚ್‌ನಲ್ಲಿ ಆಗಬೇಕಿದ್ದ ಪರೀಕ್ಷೆ ಅದು, ಆ ಮಗು ಇನ್ನೂ ಅದೇ ಪುಸ್ತಕ ಹಿಡಿದು ಕೂತಿದೆ. ಅವರಿಬ್ಬರ ಮುಖ ನೆನಪಾದರೆ ಇನ್ನೂ ಏಳು ದಿನ ಇರು ಅಂದರೂ ಇರುತ್ತೇನೆ.

ಅತ್ತೆ ದಿನಾ ಫೋನ್ ಮಾಡುತ್ತಾರೆ. ಅವರ ಅಜ್ಜಿ ಹುಬ್ಬಳ್ಳಿಯ ಪ್ಲೇಗ್ ಕಂಡವರು. 1898ರಲ್ಲಿ ಇಲ್ಲಿ ಪ್ಲೇಗ್ ಜೋರಾಗಿ ಹಬ್ಬಿದಾಗ ಜನ ಮನೆಗೆ ಕೀಲಿ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಂಡು ಇದ್ದರಂತೆ. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಗಂಟುಮೂಟೆ ಕಟ್ಟುವುದೇ. ಹಾಫ್ಕಿನ್ ಅನ್ನುವ ವಿಜ್ಞಾನಿ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ತಯಾರಿಸಿದ್ದ ಲಸಿಕೆಯನ್ನು ಆಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಈ ರೋಗಕ್ಕೆ ಇನ್ನೂ ಲಸಿಕೆ ಬಂದಿಲ್ಲ. "ಆವಾಗ ಊರಿಗೆ ಊರ ಹೊರಗ ಇತ್ತು. ಈಗ ನೀ ಒಬ್ಬಾಕಿ ಒಳಗ ಅದಿ" ಅಂದರು ಅತ್ತೆ. ಅವರ ದನಿ ನಡುಗುತ್ತಿತ್ತು.

ನೋವಾದ ಸಂಗತಿ ಒಂದಿದೆ, ಬರೆದೇ ಬಿಡುತ್ತೇನೆ. ನಮ್ಮ ಓಣಿಯ ಒಬ್ಬರು ನಮ್ಮ ಯಜಮಾನರನ್ನು ತಡೆದು, "ಅವರನ್ನ ಇನ್ನೊಂದ್ ತಿಂಗಳ ಅಲ್ಲೇ ಎಲ್ಲ್ಯರ ಇಡ್ರಿ" ಅಂದರಂತೆ. ಇಪ್ಪತ್ತು ವರ್ಷದಿಂದ ಅವರ ಮನೆಯ ಮಜ್ಜಿಗೆ ನಮ್ಮ ಮನೆಗೆ, ನಮ್ಮ ಮನೆಯ ಹೋಳಿಗೆ ಅವರ ಮನೆಗೆ. ಭಯ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಹೆದರಿ ದೂರ ನಿಲ್ಲುವುದು ಬೇರೆ, ಬರಬೇಡ ಅನ್ನುವುದು ಬೇರೆ ಅಲ್ವಾ?

ಇನ್ನು ಎತ್ತಿನ ವಿಷಯ. ಪ್ರತಿ ವರ್ಷ ಎತ್ತು ಮಾಡುವವಳು ನಾನೇ. ಕುಂದಗೋಳದ ಹೊಲದಿಂದ ಎರೆಮಣ್ಣು ತರಿಸಿ, ನೀರು ಹಾಕಿ ನಾದಿ, ಒಂದು ಜೋಡಿ ಎತ್ತು, ಮುಂದೆ ಮೇವು ಹಾಕುವ ಒಂದು ಗ್ವಾದಲಿ ಮಾಡುತ್ತೇನೆ. ಕಣ್ಣಿಗೆ ಜೋಳದ ಕಾಳು. ಈ ಸಲ ದುರ್ಗದಬೈಲಿಗೆ ಹೋಗಿ ಕೊಂಡು ತರುತ್ತೇನೆ ಅಂತ ಇವರು ಹೊರಟರೆ ಆ ಗದ್ದಲದಲ್ಲಿ ಬೇಡ ಅಂತ ಅತ್ತೆ ಬಿಡಲಿಲ್ಲ. ಗ್ರಹಣ ಬೇರೆ ಇವತ್ತೇ ಇತ್ತು. ಬೆಳಿಗ್ಗೆ ಹತ್ತರ ಮೇಲೆ ಹಿಡಿದು ಮಧ್ಯಾಹ್ನ ಬಿಟ್ಟಿತು. ಮೋಡ ಇದ್ದಿದ್ದರಿಂದ ನನಗೆ ಏನೂ ಕಾಣಲಿಲ್ಲ. ಬಿಟ್ಟ ಮೇಲೆ ಸ್ನಾನ, ಅಡುಗೆ, ಪೂಜೆ ಅಂತ ಮನೆಯಲ್ಲಿ ಮಾತಾಗಿತ್ತು.

ಐದು ಗಂಟೆಗೆ ಇವರ ಫೋನ್ ಬಂತು. "ಕಿಟಕಿ ಹಂತೇಕ ಬಾ" ಅಂದರು.

ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊರ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದರು. ಮೂರನೇ ಮಹಡಿಯಿಂದ ಮೊರದಲ್ಲಿ ಎರಡು ಕರಿ ಉಂಡೆ ಮಾತ್ರ ಕಂಡವು.

"ಎತ್ತು. ನಾನಽ ಮಾಡೀನಿ" ಅಂದರು.

ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಮಳೆ ಜೋರಾಯಿತು. ಇವರು ಕೊಡೆಯನ್ನು ಮೊರದ ಮೇಲೆ ಹಿಡಿದರು. ಅಂಗಿಯ ಬೆನ್ನು ತೊಯ್ದು ಮೈಗೆ ಅಂಟಿತು. ನೀವು ಕೊಡೆಯೊಳಗೆ ಬನ್ನಿ ಅಂದೆ. "ಇವು ಕರಗ್ತಾವಲ್ಲ" ಅಂದರು. ನಾನು ಗಾಜಿನ ಮೇಲೆ ಕೈ ಇಟ್ಟೆ. ಮುದ್ರೆ ಒತ್ತಿದ ಕೈ. ಅವರಿಗೆ ಕಂಡಿತೋ ಇಲ್ಲವೋ. "ಊಟ ಆತೇನು? ಯಾಕ ಸೊರಗೀದಿ?" ಅಂದರು. ಅಷ್ಟು ದೂರದಿಂದ ಸೊರಗಿದ್ದು ಹೇಗೆ ಕಾಣುತ್ತದೆ? ಹತ್ತು ನಿಮಿಷ ಹಾಗೇ ನಿಂತಿದ್ದೆವು, ಜಾಸ್ತಿ ಮಾತಿಲ್ಲ. ನಮ್ಮ ನಡುವೆ ಚಿಕ್ಕ ಗಾಡಿಗಳು, ಒಂದು ಆಂಬುಲೆನ್ಸ್, ಖಾಲಿ ಬಸ್ಸು ಹಾದುಹೋದವು.

ರಾತ್ರಿ ಪೂಜೆ ಆದ ಮೇಲೆ ವಿಡಿಯೋ ಕಾಲ್‌ನಲ್ಲಿ ಹತ್ತಿರದಿಂದ ತೋರಿಸಿದರು. ಬೆನ್ನಿನ ಮೇಲಿನ ಇಣಿ ಸ್ವಲ್ಪ ಜಾಸ್ತಿ ದೊಡ್ಡದಾಗಿದೆ. ಕೋಡು ಮೇಲಕ್ಕೆ ಹೋಗುವ ಬದಲು ಪಕ್ಕಕ್ಕೆ ಹೋಗಿವೆ. ಮಣ್ಣಿನ ಮೇಲೆ ಅವರ ಹೆಬ್ಬೆರಳಿನ ಗುರುತು ಹಾಗೇ ಉಳಿದಿದೆ. ಬಲಗಡೆ ಎತ್ತಿಗೆ ಒಂದು ಕಿವಿ ಇಲ್ಲ, ದಾರಿಯಲ್ಲಿ ಬಿದ್ದಿತಂತೆ. ಇಷ್ಟು ವರ್ಷ ನಾನು ಮಾಡಿದ ಯಾವ ಎತ್ತನ್ನೂ ನಾನು ಇಷ್ಟು ಹೊತ್ತು ನೋಡಿಲ್ಲ.

ನಾಳೆ ಮಕ್ಕಳು ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಕೇಳಲು ಬರುವ ದಿನ. ಈ ವರ್ಷ ಯಾರು ಬರುತ್ತಾರೆ? ಆದರೂ ಮೊರದಲ್ಲಿ ಜೋಳ ತೆಗೆದಿಡಲು ಅತ್ತೆಗೆ ಹೇಳಿದ್ದೇನೆ.

ಜೂನ್ 24, ಬುಧವಾರ
ಮನೆ

ನಿನ್ನೆ ರಾತ್ರಿ ರಿಪೋರ್ಟ್ ಬಂತು. ನೆಗೆಟಿವ್.

ಹೊರಡುವಾಗ ಊಟದ ಹುಡುಗ ಮೆಟ್ಟಿಲ ಹತ್ತಿರ ನಿಂತಿದ್ದ. ಕೈ ಮುಗಿದೆ. ಅವನೂ ಮುಗಿದ. ಕೂಸನ್ನು ಬೇಗ ನೋಡುವಂತಾಗಲಿ ಅಂದೆ.

ಇನ್ನು ಏಳು ದಿನ ಮಾಳಿಗೆಯ ಕೋಣೆ. ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರ ತನಕ ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕು. ಕೆಳಗೆ ಹುಡುಗಿ ಗಟ್ಟಿಯಾಗಿ ಓದುವುದು ಕೇಳುತ್ತದೆ. ನಾಳೆ ಅವಳ ಮೊದಲ ಪರೀಕ್ಷೆ. ಅತ್ತೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಮೇಲೆ ಬರುವುದಿಲ್ಲ, ಎದ್ದೂ ಹೋಗುವುದಿಲ್ಲ.

ಎತ್ತುಗಳನ್ನು ಇವರು ನೀರಿಗೆ ಬಿಟ್ಟಿಲ್ಲ. ನನ್ನ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದಾರೆ, ಪಕ್ಕದಲ್ಲಿ ಬಟ್ಟಲಲ್ಲಿ ಉಳಿದ ಎರೆಮಣ್ಣು. ಒಣಗಿ ಬಿರುಕು ಬಿಟ್ಟಿದೆ. ಸ್ವಲ್ಪ ನೀರು ಹಾಕಿ ನೆನೆಸಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆ ಕಿವಿ ಹಚ್ಚಬೇಕು.