ಭಾರದ ಬೈಕಿಗೆ ಮೊದಲು ಸ್ಯಾಗ್ ನೋಡಿ

ನನ್ನ ಟೂರಿಂಗ್ ಬೈಕು ನಾವಿಬ್ಬರೂ ಕೂತು ಸಾಮಾನು ತುಂಬಿದರೆ 500 ಕಿಲೋ ಹತ್ತಿರ ಬರುತ್ತದೆ. ಅಷ್ಟು ಹೊತ್ತಾಗ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ, ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳ) ಕೋನ ಬದಲಾಗಿ ತಿರುವಿನಲ್ಲಿ ಬೈಕು ಹೊರಗೆ ಹೊರಗೆ ಹೋಗುತ್ತದೆ. ಜನ ತಕ್ಷಣ ದುಬಾರಿ ಶಾಕ್ ಅಬ್ಸಾರ್ಬರ್ ಹುಡುಕುತ್ತಾರೆ. ನಾನಂತೂ ಮೊದಲು ಟೇಪು ಹಿಡಿಯುತ್ತೇನೆ.

ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಗುರುತಿಗೆ ಒಂದು ಅಳತೆ, ಇಬ್ಬರೂ ಕೂತ ಮೇಲೆ ಇನ್ನೊಂದು. ಆ ವ್ಯತ್ಯಾಸವೇ ಸ್ಯಾಗ್. ಅದು ಸಸ್ಪೆನ್ಶನ್ನಿನ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗಕ್ಕೆ ಬರುವಂತೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುವ ಹೊಂದಿಕೆ) ತಿರುಗಿಸುತ್ತೇನೆ. ಪ್ರಿಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಬೈಕು ನಿಲ್ಲುವ ಎತ್ತರವನ್ನಷ್ಟೇ ಸರಿಪಡಿಸುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ! ಪೂರ್ತಿ ತಿರುಗಿಸಿದರೂ ಸ್ಯಾಗ್ ಹೆಚ್ಚೇ ಇದ್ದರೆ ಗಟ್ಟಿ ಸ್ಪ್ರಿಂಗ್ ಬೇಕು.

ಉಬ್ಬು ದಾಟಿದ ಮೇಲೆ ಹಿಂಭಾಗ ದೋಣಿಯಂತೆ ತೂಗಿದರೆ ರಿಬೌಂಡ್ ಡ್ಯಾಂಪಿಂಗ್ (ಒತ್ತಿದ ಸ್ಪ್ರಿಂಗ್ ವಾಪಸ್ ಚಾಚುವ ವೇಗಕ್ಕೆ ಹಾಕುವ ತಡೆ) ಒಂದೊಂದೇ ಕ್ಲಿಕ್ ಏರಿಸುತ್ತೇನೆ. ಅತಿಯಾದರೆ ಸಾಲು ಉಬ್ಬುಗಳಲ್ಲಿ ಸ್ಪ್ರಿಂಗ್ ಮತ್ತೆ ಚಾಚಿಕೊಳ್ಳಲು ಪುರುಸೊತ್ತು ಸಿಗದೆ ಬೆನ್ನಿಗೆ ಹೊಡೆತ ಬೀಳುತ್ತದೆ.

ಟೈರಿನ ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಭಾರದ ವಸ್ತುಗಳು ಪಕ್ಕದ ಪೆಟ್ಟಿಗೆಗಳ ತಳಕ್ಕೆ. ಟಾಪ್ ಬಾಕ್ಸಿಗೆ ರೇನ್‌ಕೋಟು, ಜಾಕೆಟ್ಟು ಅಷ್ಟೇ.